ಮೆಣಸಿಲ್ಲದ ಮೆಣಸಿನ ರೊಟ್ಟಿ

ಜರ್ಮನಿಯ ನಕ್ಷೆ ತೆಗೆದುಕೊಳ್ಳಿ. ಪೂರ್ವದ ಅಂಚಿಗೆ ಬನ್ನಿ. ಡ್ರೆಸ್ಡೆನ್ ನಗರ ಸಿಗುತ್ತೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಪುಲ್ಸ್‌ನಿಟ್ಸ್ ಅಂತ ಒಂದು ಊರಿದೆ. ಜನಸಂಖ್ಯೆ 7 ಸಾವಿರ ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಅದು ಊರೂ ಅಲ್ಲ, ಒಂದು ದೊಡ್ಡ ಗ್ರಾಮ ಪಂಚಾಯಿತಿ. ಈ ಊರಿಗೆ ಜರ್ಮನಿಯಲ್ಲಿ ಒಂದು ಬಿರುದಿದೆ. ಫೆಫರ್‌ಕೂಖನ್ ಊರು. ಫೆಫರ್ ಅಂದ್ರೆ ಕಾಳುಮೆಣಸು, ಕೂಖನ್ ಅಂದ್ರೆ ಕೇಕ್. ಮೆಣಸಿನ ಕೇಕ್. ಇಂಗ್ಲಿಷಿನವರು ಜಿಂಜರ್‌ಬ್ರೆಡ್ ಅಂತ ಕರೀತಾರಲ್ಲ, ಅದರದ್ದೇ ಜರ್ಮನ್ ಅಣ್ಣ.

ತಮಾಷೆ ಏನು ಗೊತ್ತಾ? ಈ ಮೆಣಸಿನ ಕೇಕಿನ ಮುಖ್ಯ ರುಚಿ ಕಾಳುಮೆಣಸಿನದ್ದೇ ಅಲ್ಲ! ಚಕ್ಕೆ, ಲವಂಗ, ಏಲಕ್ಕಿ, ಕೊತ್ತಂಬರಿ ಬೀಜ, ಸೋಂಪು ಇವೆಲ್ಲ ಇರುತ್ತವೆ. ಒಂದೊಂದು ಮನೆಯದ್ದು ಒಂದೊಂದು ಅಳತೆ. ಹಾಗಾದರೆ ಹೆಸರಲ್ಲಿ ಮೆಣಸು ಯಾಕೆ? ಯಾಕಂದ್ರೆ ಐದಾರು ನೂರು ವರ್ಷಗಳ ಹಿಂದೆ ಯುರೋಪಿನ ಜನಸಾಮಾನ್ಯನಿಗೆ ದೂರದ ದೇಶದಿಂದ ಬಂದ ಘಮಘಮಿಸುವ ವಸ್ತು ಯಾವುದೇ ಇರಲಿ, ಎಲ್ಲವೂ ‘ಮೆಣಸೇ’. ನಮ್ಮಲ್ಲಿ ಯಾವ ಕಂಪನಿಯ ಫೋಟೋಕಾಪಿ ಮೆಷಿನ್ ಆದರೂ ಅದಕ್ಕೆ ಜೆರಾಕ್ಸ್ ಅಂತ ಕರೆದ ಹಾಗೆ.

ಇನ್ನೂ ಸ್ವಲ್ಪ ಆಳಕ್ಕೆ ಇಳಿಯೋಣ. ಜರ್ಮನ್ನಿನ ಫೆಫರ್ ಬಂದಿದ್ದು ಲ್ಯಾಟಿನ್ನಿನ ಪಿಪೆರ್‌ನಿಂದ. ಅದು ಬಂದಿದ್ದು ಗ್ರೀಕಿನ ಪೆಪೆರಿಯಿಂದ. ಅದು ಬಂದಿದ್ದು ನಮ್ಮ ಪಿಪ್ಪಲಿಯಿಂದ. ಅಜ್ಜಿಯ ಕಷಾಯದ ಡಬ್ಬಿಯಲ್ಲಿ ಹಿಪ್ಪಲಿ ಇರುತ್ತಿತ್ತಲ್ಲ, ಅದೇ. ಇಂಗ್ಲಿಷಿನ ಜಿಂಜರ್ ಕೂಡ ಅಷ್ಟೇ. ಅದರ ಬೇರು ದ್ರಾವಿಡ ಭಾಷೆಗಳ ‘ಇಂಜಿ’. ಅಂದ್ರೆ ಕ್ರಿಸ್‌ಮಸ್ ಹಬ್ಬಕ್ಕೆ ಹಿಮದ ನಾಡಿನಲ್ಲಿ ಮಕ್ಕಳು ತಿನ್ನುವ ಆ ಕಂದು ಬಣ್ಣದ ತಿಂಡಿಯ ಹೆಸರು ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ ಹೊರಟು ಹೋಗಿದ್ದು. ಇದು ಹೆಮ್ಮೆಯ ಮಾತು ಅಂತ ನಾವು ಸ್ಟುಡಿಯೋದಲ್ಲಿ ಕೂತು ಅರ್ಧ ಗಂಟೆ ಮಾತಾಡಬಹುದು. ಆದರೆ ಈ ಕಥೆಯಲ್ಲಿ ಹೆಮ್ಮೆಗಿಂತ ದೊಡ್ಡದು ಒಂದಿದೆ.

ಮೊದಲು ದೊಡ್ಡವರ ಕಥೆ ಕೇಳಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, ಅದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಏಳು ವರ್ಷಕ್ಕೆ, ಅಂದ್ರೆ 1505ರಲ್ಲಿ, ಅಲ್ಮೇಡ ಅನ್ನುವ ಪೋರ್ಚುಗೀಸ್ ವೈಸ್‌ರಾಯ್ ಒಂದು ದೊಡ್ಡ ನೌಕಾಪಡೆ ಕಟ್ಟಿಕೊಂಡು ಬಂದ. ಆ ಪಡೆಯ ಮೂರು ಹಡಗುಗಳಿಗೆ ದುಡ್ಡು ಹಾಕಿದವರಲ್ಲಿ ಜರ್ಮನ್ ವ್ಯಾಪಾರಿಗಳಿದ್ದರು. ಆಗ್ಸ್‌ಬರ್ಗ್‌ನ ವೆಲ್ಸರ್, ಫುಗ್ಗರ್ ಮನೆತನಗಳು, ನ್ಯೂರೆಂಬರ್ಗ್‌ನ ಇಮ್‌ಹೋಫ್, ಹಿರ್ಷ್‌ಫೋಗಲ್ ಮನೆತನಗಳು. ಇವತ್ತಿಗೂ ಜಿಂಜರ್‌ಬ್ರೆಡ್ ಅಂದರೆ ಜಗತ್ತಿಗೆ ಮೊದಲು ನೆನಪಾಗುವ ಊರೇ ನ್ಯೂರೆಂಬರ್ಗ್. ಆ ಪಡೆ ಬಂದು ಇಳಿದಿದ್ದು ಎಲ್ಲಿ? ನಮ್ಮ ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಲ್ಲಿ. ಅಲ್ಲಿ ಕೋಟೆ ಕಟ್ಟೋಕೆ ಶುರು ಮಾಡಿ, ಅಲ್ಲಿಂದ ಹೊನ್ನಾವರಕ್ಕೆ ಹೋಗಿ ಅಲ್ಲಿದ್ದ ಹಡಗುಗಳಿಗೆ ಬೆಂಕಿ ಹಚ್ಚಿದರು. ಅತ್ತ ಯುರೋಪಿನ ಅಡುಗೆಮನೆಯ ಘಮ, ಇತ್ತ ಹೊನ್ನಾವರದ ಹೊಗೆ. ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ.

ಮುಂದೆ 1568-69ರ ಹೊತ್ತಿಗೆ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರಿನಲ್ಲಿ ಕಾಲೂರಿದರು. ಮೆಣಸಿಗಾಗಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಎದುರು ಕೂರಬೇಕಾಯಿತು. ಅವರೇ ಆಕೆಗೆ ‘ಕಾಳುಮೆಣಸಿನ ರಾಣಿ’ ಅಂತ ಹೆಸರಿಟ್ಟರು.

ಸರಿಯಾಗಿ ಅದೇ ಕಾಲಕ್ಕೆ ಜರ್ಮನಿಯಲ್ಲಿ ಏನಾಗುತ್ತಿತ್ತು ನೋಡಿ. ಪುಲ್ಸ್‌ನಿಟ್ಸ್ ಇರುವ ಕಡೆಗೆ ಹತ್ತಿಕೊಂಡೇ ಇದ್ದ ಸ್ಯಾಕ್ಸನಿ ರಾಜ್ಯದ ದೊರೆ ಆಗಸ್ಟ್. ಅವನಿಗೆ ಕೊನ್ರಾಡ್ ರೋಟ್ ಅನ್ನುವ ಆಗ್ಸ್‌ಬರ್ಗ್‌ನ ವ್ಯಾಪಾರಿ ಒಂದು ಪ್ರಾಜೆಕ್ಟ್ ಹಿಡಿದುಕೊಂಡು ಬಂದ. ಲಿಸ್ಬನ್‌ಗೆ ಬರುವ ಮೆಣಸನ್ನೆಲ್ಲ ನಾವೇ ಹಿಡಿಯೋಣ, ಲೈಪ್‌ಜಿಗ್ ನಗರವನ್ನೇ ಮೆಣಸಿನ ಮಾರುಕಟ್ಟೆ ಮಾಡೋಣ, ಬೆಲೆ ನಾವು ಹೇಳಿದ್ದೇ ಆಗಲಿ ಅನ್ನೋ ಲೆಕ್ಕಾಚಾರ. 1579ರಲ್ಲಿ ಲೈಪ್‌ಜಿಗ್‌ನಲ್ಲಿ ಕಂಪನಿಯೇ ಶುರುವಾಯಿತು. ಸ್ವತಃ ದೊರೆ ಪಾಲುದಾರ. 1580ರಲ್ಲಿ ಏನಾಯ್ತು? ಪೋರ್ಚುಗಲ್‌ನ ಸಿಂಹಾಸನವೇ ಅಲ್ಲಾಡಿತು, ಮಾರುಕಟ್ಟೆ ಕೈಕೊಟ್ಟಿತು, ರೋಟ್ ದಿವಾಳಿಯಾಗಿ ಊರು ಬಿಟ್ಟು ಪರಾರಿ. ಇವತ್ತಾಗಿದ್ದರೆ ನಮಗೆ ಮೂರು ದಿನದ ಬ್ರೇಕಿಂಗ್ ನ್ಯೂಸ್.

ಈಗ ಚಿಕ್ಕವರ ಕಥೆ. 1558. ನಮ್ಮ ಕಡೆ ವಿಜಯನಗರದಲ್ಲಿ ರಾಮರಾಯನ ಆಡಳಿತ, ತಾಳಿಕೋಟೆ ಯುದ್ಧಕ್ಕೆ ಇನ್ನೂ ಏಳು ವರ್ಷ ಬಾಕಿ. ಆ ವರ್ಷ ಪುಲ್ಸ್‌ನಿಟ್ಸ್‌ನ ಜಮೀನ್ದಾರ ಊರಿನ ಬೇಕರಿಯವರಿಗೆ ಒಂದು ಹಕ್ಕು ಕೊಟ್ಟ. ಬ್ರೆಡ್ ಜೊತೆಗೆ ನೀವು ಫೆಫರ್‌ಕೂಖನ್ ಕೂಡ ಮಾಡಬಹುದು ಅಂತ. ಅಷ್ಟೇ. ಯಾವ ನೌಕಾಪಡೆಯೂ ಇಲ್ಲ, ಯಾವ ಮಾರುಕಟ್ಟೆ ಹಿಡಿಯುವ ಕನಸೂ ಇಲ್ಲ. ಒಂದು ಹಿಡಿ ಮಸಾಲೆ ಕೊಂಡು, ಜೇನಿಗೆ ಹಿಟ್ಟು ಕಲಸಿ, ಸುಟ್ಟು ಮಾರುವ ಅನುಮತಿ.

ಹೀಗೆ ಹಕ್ಕು ಕೊಡುವುದು, ಅಂಕೆ ಹಾಕುವುದು ಆ ಕಾಲದ ರೀತಿ. ಪಕ್ಕದ ಡ್ರೆಸ್ಡೆನ್‌ನ ಕ್ರಿಸ್‌ಮಸ್ ಕೇಕ್ ಷ್ಟೋಲನ್ ಇದೆಯಲ್ಲ, ಅದಕ್ಕೆ ಬೆಣ್ಣೆ ಹಾಕಬೇಕಾದರೆ ರೋಮ್‌ನ ಪೋಪ್ ಅಪ್ಪಣೆ ಬೇಕಿತ್ತು! ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧ. 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಒಂದು ಪತ್ರದ ಮೂಲಕ ಬೆಣ್ಣೆಗೆ ಅನುಮತಿ ಕೊಟ್ಟ. ಆ ಪತ್ರಕ್ಕೆ ‘ಬೆಣ್ಣೆ ಪತ್ರ’ ಅಂತಲೇ ಹೆಸರು. ಪುಲ್ಸ್‌ನಿಟ್ಸ್‌ನವರಿಗೆ ಆ ತಲೆನೋವೇ ಇರಲಿಲ್ಲ. ಅವರ ಹಿಟ್ಟಿಗೆ ಬೆಣ್ಣೆ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ.

ಹಾಗಾದರೆ ಅದು ಮೆತ್ತಗೆ ಆಗೋದು ಹೇಗೆ? ಇಂಜಿನಿಯರಿಂಗ್ ಓದಿದ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗವೇ ಇದು.

ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಬಿಸಿ ಮಾಡಿ ಹಿಟ್ಟಿಗೆ ಕಲಸುತ್ತಾರೆ. ಮಸಾಲೆ ಹಾಕಲ್ಲ, ಸೋಡಾ ಹಾಕಲ್ಲ. ಹಾಗೇ ತೊಟ್ಟಿಗೆ ತುಂಬಿ ತಣ್ಣಗಿನ ಜಾಗದಲ್ಲಿ ಇಟ್ಟುಬಿಡುತ್ತಾರೆ. ಎಷ್ಟು ದಿನ? ವಾರಗಟ್ಟಲೆ, ತಿಂಗಳುಗಟ್ಟಲೆ. ಮುದ್ದೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ. ಒಳಗೆ ಆಗುತ್ತಿರುತ್ತೆ. ಹಿಟ್ಟು ನಿಧಾನಕ್ಕೆ ಹುಳಿಯಾಗುತ್ತೆ, ತೇವ ಎಲ್ಲ ಕಡೆ ಸಮನಾಗಿ ಹರಡುತ್ತೆ, ರುಚಿ ಪಕ್ವವಾಗುತ್ತೆ. ಆಮೇಲೆ ಅದನ್ನು ಯಂತ್ರಕ್ಕೆ ಕೊಟ್ಟು ‘ಮುರಿದು’ ಮೆದು ಮಾಡಿ, ಮಸಾಲೆ ಸೇರಿಸಿ, ಕೊನೆಗೆ ಎರಡು ವಸ್ತು ಬೆರೆಸುತ್ತಾರೆ. ಒಂದು ಪೊಟ್ಯಾಶ್, ಅಂದ್ರೆ ಪೊಟ್ಯಾಸಿಯಂ ಕಾರ್ಬೊನೇಟ್. ಹಿಂದೆ ಮರದ ಬೂದಿಯಿಂದ ತೆಗೆಯುತ್ತಿದ್ದರು. ಇನ್ನೊಂದು ಅಮೋನಿಯಂ ಕಾರ್ಬೊನೇಟ್. ಅದಕ್ಕೆ ಜರ್ಮನ್ನರು ‘ಜಿಂಕೆ ಕೊಂಬಿನ ಉಪ್ಪು’ ಅಂತಾರೆ, ಯಾಕಂದ್ರೆ ಹಿಂದೆ ನಿಜವಾಗಿಯೂ ಕೊಂಬನ್ನು ಸುಟ್ಟು ಪಡೆಯುತ್ತಿದ್ದರು.

ಪೊಟ್ಯಾಶ್‌ಗೆ ಕೆಲಸ ಮಾಡೋಕೆ ಹುಳಿ ಬೇಕು. ಹುಳಿ ಸಿಕ್ಕರೆ ಮಾತ್ರ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಹಿಟ್ಟು ಉಬ್ಬುತ್ತೆ. ಆ ಹುಳಿ ಎಲ್ಲಿಂದ ಬರಬೇಕು? ತಿಂಗಳುಗಟ್ಟಲೆ ಸುಮ್ಮನೆ ಕೂತಿತ್ತಲ್ಲ, ಆ ಕಾಯುವಿಕೆಯಿಂದಲೇ. ಅಂದ್ರೆ ಕಾಯುವುದು ಇಲ್ಲಿ ಸಂಪ್ರದಾಯದ ಹಠ ಅಲ್ಲ, ಅದೂ ಒಂದು ಪದಾರ್ಥ. ಜಿಂಕೆ ಕೊಂಬಿನ ಉಪ್ಪು ಒಲೆಯ ಬಿಸಿಗೆ ಒಡೆದು ಗ್ಯಾಸ್ ಆಗಿ ಹಾರಿಹೋಗುತ್ತೆ. ಹಾರಿಹೋಗಬೇಕು ಅಂದ್ರೆ ಕೇಕ್ ತೆಳ್ಳಗಿರಬೇಕು, ದಪ್ಪ ಆದರೆ ಅಮೋನಿಯಾ ವಾಸನೆ ಒಳಗೇ ಉಳಿಯುತ್ತೆ. ಅದಕ್ಕೇ ಇವೆಲ್ಲ ಚಪ್ಪಟೆ. ರಸಾಯನಶಾಸ್ತ್ರದ ಪುಸ್ತಕ ಬರುವ ಮೊದಲೇ ಯಾರೋ ಕೈ ಸುಟ್ಟುಕೊಂಡು, ಹಿಟ್ಟು ಕೆಡಿಸಿಕೊಂಡು ಕಂಡುಕೊಂಡ ಸತ್ಯ ಇದು. ಬರೆದಿಟ್ಟರೆ ಅರ್ಧ ಪುಟ. ಆದರೆ ಮುದ್ದೆ ಮುಟ್ಟಿ ‘ಇವತ್ತು ಆಗಿದೆ, ಇವತ್ತು ಆಗಿಲ್ಲ’ ಅಂತ ಹೇಳುವುದು ಅರ್ಧ ಪುಟದಲ್ಲಿ ಬರಲ್ಲ. ಅದು ಪಕ್ಕದಲ್ಲಿ ನಿಂತು ಕಲಿಯಬೇಕಾದ ಪಾಠ.

ಕಲಿಯುವುದಕ್ಕೆ ಜನ ನಡೆದು ಹೋಗುತ್ತಿದ್ದ ಕಾಲ ಅದು. ಆ ಕಾಲದ ಜರ್ಮನಿಯಲ್ಲಿ ಕಸುಬು ಕಲಿತ ಹುಡುಗ ಊರೂರು ತಿರುಗಿ ಬೇರೆ ಬೇರೆ ಕಡೆ ದುಡಿಯುತ್ತಿದ್ದ. 18ನೇ ಶತಮಾನದ ಮಧ್ಯದಲ್ಲಿ ಟೋಬಿಯಾಸ್ ಥಾಮಸ್ ಅನ್ನುವವನು ಈಗ ಪೋಲೆಂಡಿನಲ್ಲಿರುವ ತೋರುನ್ ನಗರದಿಂದ ಈ ವಿದ್ಯೆಯ ಒಳಗುಟ್ಟು ಹೊತ್ತು ತಂದ ಅಂತ ಪುಲ್ಸ್‌ನಿಟ್ಸ್ ಇವತ್ತಿಗೂ ನೆನೆಯುತ್ತೆ. ತೋರುನ್ ಕೂಡ ಮಧ್ಯಯುಗದಿಂದಲೇ ಇದೇ ತಿಂಡಿಗೆ ಹೆಸರಾದ ಊರು. ಹಾಗಾಗಿ ‘ನಮ್ಮ ಊರಿನ ಶುದ್ಧ ಪರಂಪರೆ’ ಅಂತ ಯಾರಾದರೂ ಎದೆ ತಟ್ಟಿಕೊಂಡರೆ ಇಷ್ಟು ನೆನಪಿಸಿ. ಮಸಾಲೆ ನಮ್ಮ ಸಮುದ್ರದ ಕಡೆಯದು, ವಿದ್ಯೆ ಪೋಲೆಂಡಿನ ಕಡೆಯದು, ಹಿಟ್ಟು ಮಾತ್ರ ಅವರದು.

ಇದೇ ಊರಿನಿಂದ ಉಲ್ಟಾ ದಿಕ್ಕಿನಲ್ಲಿ ಹೊರಟವನೂ ಒಬ್ಬನಿದ್ದಾನೆ. 1682ರಲ್ಲಿ ಪುಲ್ಸ್‌ನಿಟ್ಸ್‌ನ ಧಾನ್ಯ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿದ ಹುಡುಗ ಬಾರ್ತಲೋಮೇಯಸ್ ಜೀಗನ್‌ಬಾಲ್ಗ್. ಪಾದ್ರಿಯಾಗಿ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ. ತಮಿಳು ಕಲಿತ, ಅಚ್ಚುಕೂಟ ಹಾಕಿದ, ತಮಿಳಿನಲ್ಲಿ ಬೈಬಲಿನ ಹೊಸ ಒಡಂಬಡಿಕೆ ಮುದ್ರಿಸಿದ, 1719ರಲ್ಲಿ 36ನೇ ವಯಸ್ಸಿಗೆ ಅಲ್ಲೇ ತೀರಿಕೊಂಡ. ಮೆಣಸಿನ ಹೆಸರಿನ ತಿಂಡಿ ಮಾಡುವ ಊರಿನ ಹುಡುಗ ಮೆಣಸಿನ ದೇಶಕ್ಕೆ ಬಂದು ಇಲ್ಲಿನ ಭಾಷೆಯ ಅಕ್ಷರ ಜೋಡಿಸುತ್ತಾ ಕೂತ. ಇತಿಹಾಸಕ್ಕೆ ಇಂಥ ತಿರುವು ಬರೆಯೋಕೆ ಯಾವ ಸ್ಕ್ರಿಪ್ಟ್ ರೈಟರೂ ಬೇಕಿಲ್ಲ.

ಈಗ ಮನೆತನಗಳಿಗೆ ಬರೋಣ. ಪುಲ್ಸ್‌ನಿಟ್ಸ್‌ನಲ್ಲಿ ಇವತ್ತಿಗೂ ಕೈಕಸುಬಿನ ಸಣ್ಣ ಸಣ್ಣ ಬೇಕರಿಗಳು ಎಂಟೊಂಬತ್ತಿವೆ. ಲೋಷ್ನರ್ ಅನ್ನುವ ಬೇಕರಿ ಶುರುವಾದ ವರ್ಷ 1813. ಗ್ರೋಷ್ಕಿ ಅನ್ನುವುದು 1825.

1813 ಅನ್ನುವುದನ್ನು ಸುಮ್ಮನೆ ಬೋರ್ಡಿನ ಮೇಲಿನ ಸಂಖ್ಯೆ ಅಂತ ಓದಬೇಡಿ. ಆ ವರ್ಷ ನೆಪೋಲಿಯನ್ ರಷ್ಯಾದಲ್ಲಿ ಸೋತು ಹಿಂತಿರುಗಿ, ಜರ್ಮನಿಯ ನೆಲದಲ್ಲಿ ಕೊನೆಯ ಆಟ ಆಡುತ್ತಿದ್ದ. ಮೇ ತಿಂಗಳಲ್ಲಿ ಪೂರ್ವಕ್ಕೆ ಬೌಟ್ಸನ್‌ನಲ್ಲಿ ಯುದ್ಧ. ಆಗಸ್ಟ್‌ನಲ್ಲಿ ಪಶ್ಚಿಮಕ್ಕೆ ಡ್ರೆಸ್ಡೆನ್‌ನಲ್ಲಿ ಯುದ್ಧ. ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಮಹಾಯುದ್ಧ. ನಡುವೆ ಈ ಪುಟ್ಟ ಊರು. ಮೇಲಾಗಿ ಬ್ರಿಟನ್ ವಿರುದ್ಧ ನೆಪೋಲಿಯನ್ 1806ರಿಂದ ಹಾಕಿದ್ದ ದಿಗ್ಬಂಧನದಿಂದ ಸಮುದ್ರದ ಮೇಲೆ ಬರುವ ಸಕ್ಕರೆ, ಮಸಾಲೆಗೆ ಕೈಗೆಟುಕದ ಬೆಲೆ. ಅಂಥ ವರ್ಷದಲ್ಲಿ ಒಬ್ಬ ಮಸಾಲೆ ತಿಂಡಿಯ ಬೇಕರಿ ತೆಗೆಯುತ್ತಾನೆ ಅಂದ್ರೆ! ಇವತ್ತಿನ ಯಾವ ಬ್ಯಾಂಕ್ ಮ್ಯಾನೇಜರ್ ಲೋನ್ ಕೊಡುತ್ತಿದ್ದ ಹೇಳಿ?

ಅಲ್ಲಿಂದ ಇಲ್ಲಿಯವರೆಗೆ ಆ ಊರು ಎಷ್ಟು ಬಾವುಟ ನೋಡಿದೆ ಲೆಕ್ಕ ಹಾಕಿ. ಸ್ಯಾಕ್ಸನಿಯ ಅರಸೊತ್ತಿಗೆ. 1871ರಿಂದ ಜರ್ಮನ್ ಸಾಮ್ರಾಜ್ಯ. 1918ರ ನಂತರ ಗಣರಾಜ್ಯ. 1933ರಿಂದ ಹಿಟ್ಲರ್. 1945ರಲ್ಲಿ ಸೋವಿಯತ್ ಸೇನೆ. 1949ರಿಂದ ಕಮ್ಯುನಿಸ್ಟ್ ಪೂರ್ವ ಜರ್ಮನಿ. 1990ರಿಂದ ಇವತ್ತಿನ ಜರ್ಮನಿ. ಬಾವುಟ ಬದಲಾಗುತ್ತಾ ಹೋಯ್ತು, ಹಿಟ್ಟಿನ ತೊಟ್ಟಿ ಅಲ್ಲೇ ಇತ್ತು.

ಉಳಿದಿದ್ದು ಹೇಗೆ? ಅತಿ ದೊಡ್ಡ ಪರೀಕ್ಷೆ ಬಂದಿದ್ದು 1972ರಲ್ಲಿ. ಪೂರ್ವ ಜರ್ಮನಿಯ ಸರ್ಕಾರ ಅಳಿದುಳಿದಿದ್ದ ಖಾಸಗಿ, ಅರೆ ಖಾಸಗಿ ಕಾರ್ಖಾನೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಸಾವಿರಾರು ಕಂಪನಿಗಳು ಕೆಲವೇ ತಿಂಗಳಲ್ಲಿ ಸರ್ಕಾರದ ಪಾಲಾದವು. ತಲೆಮಾರುಗಳಿಂದ ಕಟ್ಟಿದ ಮಾಲೀಕ ತನ್ನದೇ ಫ್ಯಾಕ್ಟರಿಯಲ್ಲಿ ಸಂಬಳದ ಮ್ಯಾನೇಜರ್ ಆದ. ಆದರೆ ಹತ್ತು ಜನರ ಮಿತಿಯೊಳಗಿನ ಕೈಕಸುಬಿನ ಅಂಗಡಿಗಳು ಖಾಸಗಿಯಾಗಿಯೇ ಉಳಿಯಬಹುದಿತ್ತು. ಪುಲ್ಸ್‌ನಿಟ್ಸ್‌ನ ಬೇಕರಿಗಳು ಸಣ್ಣವು. ಗಂಡ, ಹೆಂಡತಿ, ಮಕ್ಕಳು, ಒಂದಿಬ್ಬರು ಕೆಲಸದವರು. ಬೆಳೆಯದೇ ಇದ್ದದ್ದೇ ಅವರನ್ನು ಉಳಿಸಿತು! ಬಿಸಿನೆಸ್ ಸ್ಕೂಲಿನಲ್ಲಿ ಹೇಳಿಕೊಡುವ ಪಾಠಕ್ಕೆ ಪೂರ್ತಿ ಉಲ್ಟಾ.

ಉಳಿದರು ಅಂದ ಮಾತ್ರಕ್ಕೆ ಸುಖವಾಗಿದ್ದರು ಅಂತಲ್ಲ. ಬಾದಾಮಿ, ನಿಂಬೆ ಸಿಪ್ಪೆ, ಮಸಾಲೆ ಎಲ್ಲಕ್ಕೂ ವಿದೇಶಿ ಹಣ ಬೇಕು. ಪೂರ್ವ ಜರ್ಮನಿಯಲ್ಲಿ ಅದಕ್ಕೇ ಬರ. ಆ ದೇಶ ನಿಂಬೆ ಸಿಪ್ಪೆಯ ಬದಲಿಗೆ ಹಸಿ ಟೊಮೆಟೊ ಕಾಯಿಗೆ, ಕಿತ್ತಳೆ ಸಿಪ್ಪೆಯ ಬದಲಿಗೆ ಕ್ಯಾರೆಟ್‌ಗೆ ಸಕ್ಕರೆ ಹಿಡಿಸಿ ಬೇಕರಿಗಳಿಗೆ ಕೊಡುತ್ತಿತ್ತು. ನಗಬೇಡಿ, ನಿಜ. ಇನ್ನು ತಯಾರಾದ ಫೆಫರ್‌ಕೂಖನ್ ಸಿಗುವುದೂ ಸುಲಭ ಇರಲಿಲ್ಲ. ಆ ದೇಶದಲ್ಲಿ ಒಂದು ಪದ ಚಾಲ್ತಿಯಲ್ಲಿತ್ತು, ‘ಬಗ್ಗುವ ಸರಕು’ ಅಂತ. ಅಂಗಡಿಯವನು ಎಲ್ಲರಿಗೂ ಕಾಣದಂತೆ ಕೌಂಟರ್ ಕೆಳಗೆ ಬಚ್ಚಿಟ್ಟು, ಬೇಕಾದವರಿಗೆ ಮಾತ್ರ ಬಗ್ಗಿ ತೆಗೆದುಕೊಡುವ ಮಾಲು. ಕ್ರಿಸ್‌ಮಸ್ ಹೊತ್ತಿಗೆ ಪುಲ್ಸ್‌ನಿಟ್ಸ್‌ನ ತಿಂಡಿ ಆ ಸಾಲಿಗೆ ಸೇರುತ್ತಿತ್ತು.

ಇಷ್ಟು ಹೇಳಿದ ಮೇಲೆ ನಾನು ಇಲ್ಲಿಗೆ ನಿಲ್ಲಿಸಿ ‘ಪರಂಪರೆಗೆ ಜಯವಾಗಲಿ’ ಅನ್ನಬಹುದು. ಅನ್ನಲ್ಲ. ಯಾಕಂದ್ರೆ ಅಪ್ಪನ ಕಸುಬು ಮಗನಿಗೆ ಅನ್ನೋ ಮಾತನ್ನು ಭಾರತದಲ್ಲಿ ಕೂತು ಹೊಗಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು. ನಮ್ಮಲ್ಲಿ ಅದಕ್ಕೆ ಜಾತಿ ಅಂತಾರೆ. ಚಪ್ಪಲಿ ಹೊಲಿಯುವವನ ಮಗ ಚಪ್ಪಲಿಯನ್ನೇ ಹೊಲಿಯಬೇಕು ಅನ್ನುವುದನ್ನು ಯಾವ ಬಾಯಿಂದ ಪರಂಪರೆ ಅನ್ನೋಣ? ನಾನು ಇಂಜಿನಿಯರಿಂಗ್ ಮಾಡಿ ಮೈಕ್ ಹಿಡಿದವನು. ನನ್ನ ಆಯ್ಕೆ ನನಗೆ ಸಿಕ್ಕಿತು. ಅದು ಸಿಗದವರು ಕೋಟಿ ಜನ ಇದ್ದಾರೆ.

ಜರ್ಮನಿಯೂ ಹಾಲಿನಲ್ಲಿ ತೊಳೆದ ಮುತ್ತೇನಲ್ಲ. ಅಲ್ಲಿನ ಕಸುಬಿನ ಸಂಘಗಳು ನೂರಾರು ವರ್ಷ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಅಂತ ಬಾಗಿಲಲ್ಲಿ ಕಾವಲು ನಿಂತಿದ್ದವು. ಮದುವೆಯಾದ ತಂದೆತಾಯಿಗೆ ಹುಟ್ಟಿದವನೇ ಅನ್ನುವುದಕ್ಕೆ ಪುರಾವೆ ಕೇಳುತ್ತಿದ್ದರು. ಪೂರ್ವದ ಹಲವು ಊರುಗಳಲ್ಲಿ ಸ್ಲಾವ್ ಮೂಲದ ‘ವೆಂಡ್’ ಜನರನ್ನು ದೂರ ಇಡುತ್ತಿದ್ದರು. 1558ರ ಹಕ್ಕುಪತ್ರ ಕೂಡ ಅಷ್ಟೇ. ಕೆಲವರಿಗೆ ಕೊಟ್ಟ ಹಕ್ಕು ಅಂದ್ರೆ ಉಳಿದವರಿಗೆ ಹಾಕಿದ ಬೇಲಿ.

ಆ ಬೇಲಿ ಮುರಿದಿದ್ದು 1862ರಲ್ಲಿ. ಆ ವರ್ಷದ ಮೊದಲ ದಿನದಿಂದ ಸ್ಯಾಕ್ಸನಿಯಲ್ಲಿ ಯಾರು ಬೇಕಾದರೂ ಯಾವ ಕಸುಬು ಬೇಕಾದರೂ ಮಾಡಬಹುದು ಅನ್ನುವ ಕಾನೂನು ಜಾರಿಗೆ ಬಂತು. ನನ್ನ ಪ್ರಕಾರ ಈ ಕಥೆಯ ನಿಜವಾದ ಇಸವಿ 1558 ಅಲ್ಲ, 1813 ಕೂಡ ಅಲ್ಲ. 1862. ಅಲ್ಲಿಯವರೆಗೆ ಅವರು ಹಕ್ಕಿನ ಬಲದಿಂದ ಬದುಕಿದರು. ಅಲ್ಲಿಂದ ಮುಂದೆ ಬರೀ ಕೆಲಸದ ಬಲದಿಂದ ಬದುಕಬೇಕಾಯಿತು. 1990ರಲ್ಲಿ ಮತ್ತೊಮ್ಮೆ ಅದೇ ಪರೀಕ್ಷೆ. ಗೋಡೆ ಅಷ್ಟರಲ್ಲೇ ಬಿದ್ದಿತ್ತು, ಪಶ್ಚಿಮದ ಬಣ್ಣಬಣ್ಣದ ಪ್ಯಾಕೆಟ್‌ಗಳು ಬಂದವು. ಕೌಂಟರ್ ಕೆಳಗಿನ ಮಾಲು ಕೌಂಟರ್ ಮೇಲೆ ಬಂದು ಸ್ಪರ್ಧೆಗೆ ನಿಲ್ಲಬೇಕಾಯಿತು. ಮಕ್ಕಳಿಗೆ ಜಗತ್ತಿನ ಬಾಗಿಲು ತೆರೆದಿತ್ತು. ಪೂರ್ವ ಜರ್ಮನಿಯಿಂದ ಲಕ್ಷಾಂತರ ಯುವಕರು ಪಶ್ಚಿಮಕ್ಕೆ ಹೋದರು. ಆದರೂ ಆ ಊರಿನಲ್ಲಿ ಕೆಲವರು ಉಳಿದರು. ಯಾರೂ ಬಲವಂತ ಮಾಡಲಿಲ್ಲ, ಯಾರೂ ತಡೆಯಲೂ ಇಲ್ಲ. ಉಳಿದು ಮುದ್ದೆ ಮುಟ್ಟಿ ನೋಡುವುದನ್ನು ಕಲಿತರು.

ಅದನ್ನು ನಾನು ಪರಂಪರೆ ಅಂತೀನಿ. ಬಿಟ್ಟು ಹೋಗುವ ಸ್ವಾತಂತ್ರ್ಯ ಇದ್ದೂ ಹಿಡಿದುಕೊಂಡದ್ದು ಮಾತ್ರ ಪರಂಪರೆ. ಬಿಡೋಕೆ ಆಗದೆ ಹಿಡಿದುಕೊಂಡದ್ದು ಸಂಕೋಲೆ. ನಮ್ಮ ಊರುಗಳಲ್ಲಿ ನೂರು ವರ್ಷದ ಕಸುಬು, ನೂರು ವರ್ಷದ ಅಂಗಡಿ ಅಂತ ಸನ್ಮಾನ ಮಾಡುವ ಮೊದಲು ಈ ಒಂದು ಪ್ರಶ್ನೆ ಕೇಳೋಣ. ಆ ಮನೆಯ ಹುಡುಗನಿಗೆ, ಹುಡುಗಿಗೆ ಬೇರೆ ದಾರಿ ಇತ್ತಾ? ಇದ್ದೂ ಇದನ್ನೇ ಆರಿಸಿಕೊಂಡರಾ? ಹಾಗಾದರೆ ಶಾಲು ಹೊದಿಸಿ. ಇರಲಿಲ್ಲವಾ? ಹಾಗಾದರೆ ಶಾಲು ಬೇಡ, ಮೊದಲು ದಾರಿ ಮಾಡಿಕೊಡಿ.

ಈಗ ಲೆಕ್ಕ ನೋಡಿ. ಮೆಣಸಿಗಾಗಿ ಹೊನ್ನಾವರಕ್ಕೆ ಬೆಂಕಿ ಹಚ್ಚಿದ ಸಾಮ್ರಾಜ್ಯ ಇವತ್ತು ಇಲ್ಲ. ಮಾರುಕಟ್ಟೆಯನ್ನೇ ಹಿಡಿಯುತ್ತೇನೆ ಅಂದ ಲೈಪ್‌ಜಿಗ್‌ನ ಕಂಪನಿ ಎರಡು ವರ್ಷ ಬಾಳಲಿಲ್ಲ. ಎಲ್ಲವೂ ಸರ್ಕಾರದ್ದೇ ಅಂದ ದೇಶ ನಕ್ಷೆಯಿಂದಲೇ ಅಳಿಸಿಹೋಯಿತು. ಒಂದು ಹಿಡಿ ಮಸಾಲೆ ಕೊಂಡವರು ಮಾತ್ರ ಇದ್ದಾರೆ. ಪ್ರತಿ ನವೆಂಬರ್‌ನಲ್ಲಿ ಪುಲ್ಸ್‌ನಿಟ್ಸ್‌ನಲ್ಲಿ ಫೆಫರ್‌ಕೂಖನ್ ಸಂತೆ ನಡೆಯುತ್ತೆ. ಆ ಸಂತೆಗೆ ಬೇಕಾದ ಹಿಟ್ಟು ಎಷ್ಟೋ ವಾರ ಮುಂಚೆಯೇ ಯಾವುದೋ ತಣ್ಣಗಿನ ಕೋಣೆಯಲ್ಲಿ, ಯಾರಿಗೂ ಅವಸರ ಇಲ್ಲದ ಹಾಗೆ, ಹುಳಿಯಾಗುತ್ತಾ ಕೂತಿರುತ್ತೆ.